ತಾತನ ಜೋಕಿಗೆ ‘ಬಿಡ್ತು ಅನ್ನು’ ಎನ್ನಬೇಡಿ

ಭತ್ತದ ಕಟಾವು ಮುಗಿದು ರಾಶಿ ಮಾರಾಟವಾದ ಮೇಲೆ ಸಿರುಗುಪ್ಪ ಕಡೆಯ ಮನೆಗಳಲ್ಲಿ ಮಾತಿನ ಧಾಟಿಯೇ ಬೇರೆ. ಸಾಲದ ಮಾತು ಹಿಂದೆ ಸರಿದು ನಗೆ ಮುಂದೆ ಬರುತ್ತದೆ. ಊಟವಾಗಿ, ಎಲೆಯಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, ಎಪ್ಪತ್ತೈದು ದಾಟಿದ ಹಿರಿಯರು ಎಲೆಗೆ ಸುಣ್ಣ ಸವರುತ್ತ ಒಂದು ಮಾತು ತೇಲಿಬಿಡುತ್ತಾರೆ: “ಈ ಬೆಳೆ ನಾ ನೋಡ್ದೆ, ಮುಂದಿನ್ದು ನೀವು ನೋಡ್ಕೊಳ್ರಪ್ಪಾ. ನನ್ನ ಮಾತ್ರ ಆ ಕಾಲುವೆ ಮಗ್ಗುಲಿಗೆ ಇಡಬ್ಯಾಡ್ರಿ. ನೀರು ಬಿಟ್ರೆ ವರ್ಷಪೂರ್ತಿ ಶೀತ.”

“ಬಿಡ್ತು ಅನ್ರಿ ಮಾವಾ, ಒಳ್ಳೇ ದಿನ ಏನ್ ಮಾತಾಡ್ತೀರಿ” ಎಂದು ಸೊಸೆ ಅಡುಗೆಮನೆಯಿಂದಲೇ ಗದರುತ್ತಾಳೆ. ಮಗ ಟಿ.ವಿ. ಸೌಂಡು ಏರಿಸುತ್ತಾನೆ. ಮೊಮ್ಮಗನೊಬ್ಬ ಕಿಸಕ್ಕನೆ ನಗುತ್ತಾನೆ. ಮಾತು ಅಲ್ಲಿಗೆ ಮುಗಿಯಿತು.

ಮುಗಿಯಬಾರದಿತ್ತು. ಆ ಜೋಕಿನೊಳಗೆ ಮೂರು ಸಂಗತಿಗಳಿದ್ದವು. ಅವರಿಗೆ ಸುಡುವುದು ಬೇಡ, ಮಣ್ಣು ಮಾಡಬೇಕು. ಸ್ವಂತ ಹೊಲದಲ್ಲಾದರೆ ಸಂತೋಷ. ಕಾಲುವೆ ಪಕ್ಕದ ತುಂಡು ಮಾತ್ರ ಬೇಡ. ಹಿರಿಯರು ಅರ್ಜಿ ಕೊಟ್ಟಾಯಿತು, ತೆಗೆದುಕೊಳ್ಳುವವರೇ ಇಲ್ಲ. ವಯಸ್ಸಾದವರು ಸಾವಿನ ಮಾತಿಗೆ ಹೆದರುತ್ತಾರೆ ಎಂದು ನಾವು, ನಲವತ್ತು–ಐವತ್ತರ ಆಸುಪಾಸಿನವರು, ನಂಬಿಕೊಂಡಿದ್ದೇವೆ. ನಾನು ಕಂಡಂತೆ ಹೆದರುವವರು ನಾವೇ. ಅವರು “ಕಾಡು ಬಾ ಅಂತೈತೆ, ಊರು ಹೋಗು ಅಂತೈತೆ” ಎಂದು ನಗುತ್ತ ದಿನಕ್ಕೆರಡು ಸಲ ಹೇಳುತ್ತಾರೆ.

ಅವರು ತಯಾರಾಗಿದ್ದಾರೆ ಎಂಬುದಕ್ಕೆ ಮನೆಯಲ್ಲೇ ಸಾಕ್ಷಿಗಳಿರುತ್ತವೆ. ಬಳ್ಳಾರಿಯ ಹಳೇ ಮನೆಗಳ ದೇವರ ಗೂಡಿನಲ್ಲಿ ಕಾಶಿಯಿಂದ ತಂದ, ಬಾಯಿ ಮುಚ್ಚಿ ಬೆಸುಗೆ ಹಾಕಿದ ಗಂಗೆಯ ತಂಬಿಗೆ ಕೂತಿರುತ್ತದೆ. ಹಜ್ ಮುಗಿಸಿ ಬಂದವರ ಟ್ರಂಕಿನ ತಳದಲ್ಲಿ ಜಮ್‌ಜಮ್ ನೀರಿನಲ್ಲಿ ನೆನೆಸಿ ಒಣಗಿಸಿದ ಕಫನ್ ಬಟ್ಟೆ ಮಡಚಿಟ್ಟಿರುತ್ತದೆ. ಲಿಂಗಾಯತರ ಮನೆಯ ಅಜ್ಜಿ ಇಷ್ಟಲಿಂಗದ ಕರಡಿಗೆಯನ್ನು ಸ್ನಾನಕ್ಕೂ ಕೊರಳಿನಿಂದ ತೆಗೆಯುವುದಿಲ್ಲ. ಹೋಗುವಾಗ ಅಂಗೈ ಮೇಲೆ ಅದೇ ಲಿಂಗ ಇರಬೇಕು ಎಂದು ಅವರಿಗೆ ಗೊತ್ತು. ಇಂಥ ಯಾವುದಾದರೂ ಒಂದು ವಸ್ತು ಕಣ್ಣಿಗೆ ಬಿದ್ದಾಗ “ಅಮ್ಮಾ, ಇದು ಯಾವಾಗಿಂದು? ಎದಕ್ಕಿಟ್ಟಿದ್ದೀ?” ಎಂದು ಕೇಳಿದರೆ ಸಾಕು. ಮಾತಿಗೆ ಬೇರೆ ಪೀಠಿಕೆ ಬೇಕಿಲ್ಲ.

ಯಾರು ಕೇಳಬೇಕು, ಯಾವಾಗ

ಮೊಮ್ಮಗಳು ಕೇಳಿದರೆ ಪ್ರೀತಿ, ಸೊಸೆ ಕೇಳಿದರೆ ಪಂಚಾಯ್ತಿ. ಇದು ನ್ಯಾಯವಲ್ಲ, ಆದರೆ ನಮ್ಮ ಮನೆಗಳ ವಾಸ್ತವ. ಮಗ ಕೇಳಿದರೂ ಕಷ್ಟ. ಹೊಲದ ಪತ್ರ ಎಲ್ಲಿದೆ ಎಂಬ ಪ್ರಶ್ನೆಯೇ ಹಿಂಬಾಗಿಲಿನಿಂದ ಬಂದಂತೆ ಕೇಳಿಸುತ್ತದೆ. ಅದಕ್ಕೇ ಮೊದಲ ಮಾತು ಮೊಮ್ಮಕ್ಕಳಿಂದಲೋ, ಮದುವೆಯಾಗಿ ಹೋದ ಮಗಳಿಂದಲೋ, ಸಲಿಗೆಯಿರುವ ಅಳಿಯನಿಂದಲೋ ಶುರುವಾಗುವುದು ವಾಸಿ. ಮುಖ್ಯವಾಗಿ, ಆಸ್ತಿಯ ಮಾತನ್ನೂ ಅಂತ್ಯಕ್ರಿಯೆಯ ಮಾತನ್ನೂ ಒಂದೇ ಸಲ ಕೂತಾಗ ಬೆರೆಸಬೇಡಿ. ರಾಮ್ ರೆಡ್ಡಿ ಅವರ ‘ತಿಥಿ’ (2015) ಸಿನಿಮಾ ನೋಡಿದವರಿಗೆ ಗೊತ್ತಿದೆ: ನೂರು ದಾಟಿದ ಅಜ್ಜ ತೀರಿಹೋದ ಮೇಲೆ ತಿಥಿಯ ಊಟದ ತಯಾರಿಯೂ ಜಮೀನಿನ ಕಾಗದದ ಓಡಾಟವೂ ಒಟ್ಟೊಟ್ಟಿಗೆ ನಡೆದು ಎಂಥ ಗೋಜಲಾಗುತ್ತದೆ ಎಂದು. ಸಿನಿಮಾದಲ್ಲಿ ಅದು ನಗು ತರಿಸುತ್ತದೆ, ನಮ್ಮ ಪಡಸಾಲೆಯಲ್ಲಿ ತರಿಸುವುದಿಲ್ಲ.

“ನೀವು ಹೋದ ಮೇಲೆ ಏನು ಮಾಡಬೇಕು?” ಎಂದು ನೇರವಾಗಿ ಕೇಳುವವರು ಗಟ್ಟಿಗರು. ಅದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಅವರ ತಂದೆ-ತಾಯಿಯ ಬಗ್ಗೆ ಕೇಳಿ. “ಮುತ್ತಾತನ್ನ ಎಲ್ಲಿ ಮಣ್ಣು ಮಾಡಿದ್ರು? ಆ ಜಾಗ ಯಾರು ಹೇಳಿದ್ರು? ಆವಾಗ ಮಳೆ ಬಂದಿತ್ತಂತೆ, ಹೌದಾ?” ಇಷ್ಟಕ್ಕೆ ಅವರು ಒಂದು ತಾಸು ಮಾತಾಡುತ್ತಾರೆ. ಯಾರು ಬರಲಿಲ್ಲ, ಯಾರು ಜಗಳ ತೆಗೆದರು, ಯಾವ ಬೀಗರು ಊಟ ಮಾಡದೆ ಎದ್ದು ಹೋದರು, ಎಲ್ಲ ಬರುತ್ತದೆ. ಆ ಕಥೆಯ ಕೊನೆಗೆ “ನನಗೆ ಮಾತ್ರ ಹಂಗ್ ಮಾಡಬ್ಯಾಡ್ರಿ” ಎಂಬ ಮಾತು ತಾನಾಗಿಯೇ ಬೀಳುತ್ತದೆ. ಕಾಯಬೇಕಾದದ್ದು ಆ ಮಾತಿಗೆ.

ಹೊತ್ತು ಯಾವುದು? ಯಾರದೋ ಮಣ್ಣಿಗೆ ಹೋಗಿ ವಾಪಸ್ ಬರುವ ಟಂಟಂ ಗಾಡಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆಗ ಎಲ್ಲರೂ ವಿಮರ್ಶಕರೇ. ಹೆಣ ಕೂರಿಸುವ ವಿಮಾನ ಸೊಟ್ಟಗೆ ಕಟ್ಟಿದ್ದರು, ಹಲಗೆ ಬಾರಿಸುವವರಿಗೆ ದುಡ್ಡು ಕೊಡುವಾಗ ಚೌಕಾಸಿ ಮಾಡಿದರು, ಗುಂಡಿ ಚಿಕ್ಕದಾಗಿ ಮತ್ತೆ ಅಗೆದರು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಫೋಟೊ ಒರೆಸಿ ಹೂವು ಹಾಕುವ ಹೊತ್ತೂ ಅಂಥದ್ದೇ. ಆಸ್ಪತ್ರೆಯ ಐಸಿಯು ಬಾಗಿಲು ಮಾತ್ರ ಇದಕ್ಕೆ ಜಾಗವಲ್ಲ. ಅಲ್ಲಿ ಕೇಳಿದ ಪ್ರಶ್ನೆಗೆ ಹಿರಿಯರು ಉತ್ತರ ಕೊಡುವ ಸ್ಥಿತಿಯಲ್ಲಿರುವುದಿಲ್ಲ, ಕೊಟ್ಟರೂ ನಾವು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ.

ಕುರುಗೋಡು ಕಡೆಯ ಅಜ್ಜಿಯೊಬ್ಬರು ಮಗಳ ಮುಂದೆ ಆಡಿದ ಮಾತು ನನ್ನ ಕಿವಿಯಲ್ಲಿನ್ನೂ ಇದೆ. ಹೆಣ್ಣುಮಕ್ಕಳಿಗೆ ಕೊನೆಯ ಸೀರೆ ತವರಿನಿಂದ ಬರಬೇಕು ಎಂಬುದು ನಮ್ಮ ಕಡೆಯ ರೂಢಿ. ಅಜ್ಜಿಯ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ, ಇರುವವನು ಅಳಿಯ, ಅಂದರೆ ಅಣ್ಣನ ಮಗ.

“ಆ ಹುಡುಗ ಜಿಪುಣ ಅದಾನೆ. ಸಿಂಥೆಟಿಕ್ ಸೀರೆ ತಂದಾನು. ತಂದ್ರೆ ನಾ ಎದ್ದು ಕೂತ್ಕೊಂಡು ವಾಪಸ್ ಕೊಡ್ತೀನಿ, ಹೇಳಿರು ಅವನಿಗೆ.”

“ಹಂಗಾದ್ರೆ ಏನ್ ತರಾಕೆ ಹೇಳ್ಲಿ?”

“ಇಳಕಲ್ಲು. ಕೆಂಪು ಸೆರಗು. ರೇಷ್ಮೆ ಬ್ಯಾಡ, ಮಣ್ಣಾಗ ಹೋಗಾದಕ್ಕೆ ರೇಷ್ಮೆ ಎದಕ್ಕೆ, ಅದನ್ನ ನೀ ಉಟ್ಕೊ.”

ಮಗಳು ನಗುತ್ತಲೇ ಫೋನಿನಲ್ಲಿ ಬರೆದುಕೊಂಡಳು. ಬರೆದುಕೊಂಡದ್ದೇ ದೊಡ್ಡದು. ಉಡಬೇಕಾದ ಸೀರೆ, ಕೊಡಬೇಕಾದ ರೇಷ್ಮೆ, ಅಳಿಯನಿಗೆ ಮುಟ್ಟಿಸಬೇಕಾದ ಸುದ್ದಿ ಮೂರೂ ಒಂದೇ ನಿಮಿಷದಲ್ಲಿ ತೀರ್ಮಾನವಾದವು.

ಜಾಗದ ಮಾತು

ಈ ನೆಲದಲ್ಲಿ ಈ ಪ್ರಶ್ನೆ ಹಳೆಯದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದಾಗ ನವಶಿಲಾಯುಗದ ಜನರ ಮನೆಗಳ ಜೊತೆ ಸಮಾಧಿಗಳೂ ಸಿಕ್ಕವು. ದೊಡ್ಡವರನ್ನು ಗುಂಡಿಯಲ್ಲಿ ಅಂಗಾತ ಮಲಗಿಸಿ ಹೂಳುತ್ತಿದ್ದರು, ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅದೂ ದೂರದ ಸುಡುಗಾಡಿನಲ್ಲಲ್ಲ, ವಾಸದ ಜಾಗದಲ್ಲೇ. ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಹಿರಿಯರನ್ನು ಹತ್ತಿರ ಇಟ್ಟುಕೊಳ್ಳುವ ಆಸೆ ಇತ್ತು ಎಂದಾಯಿತು. ನದಿ ದಾಟಿ ಗಂಗಾವತಿ ಕಡೆ ಹೋದರೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಕಲ್ಲುಗೋರಿಗಳಿವೆ. ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ, ಗಿಡ್ಡ ಜನ ಅಲ್ಲಿ ವಾಸವಿದ್ದರು ಎಂಬ ಕಥೆ ಕಟ್ಟಿದ್ದಾರೆ. ಹಂಪಿಯ ಹತ್ತಿರದ ನಿಂಬಾಪುರದ ಬೂದಿಗುಡ್ಡೆಯಂತೂ ವಾಲಿಯನ್ನು ಸುಟ್ಟ ಜಾಗವೆಂದೇ ಪ್ರಸಿದ್ಧ. ಹಟ್ಟಿಯ ಸಗಣಿ ಉರಿದು ಆದ ಬೂದಿ ಎಂದು ವಿದ್ವಾಂಸರು ಹೇಳಿದರೂ ಊರಿನವರು ವಾಲಿಯನ್ನು ಬಿಟ್ಟುಕೊಟ್ಟಿಲ್ಲ. ಗಟ್ಟಿಮುಟ್ಟಾಗಿರುವ ಹಿರಿಯರನ್ನು ಒಂದು ಭಾನುವಾರ ಇಂಥ ಕಡೆ ಕರೆದುಕೊಂಡು ಹೋಗಿ. ಗುಡ್ಡ ಹತ್ತುವುದು ಆಗದಿದ್ದರೆ ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಪರರ ಗೋರಿ ನೋಡುತ್ತ ತಮ್ಮದರ ಮಾತಾಡುವುದು ಸಲೀಸು.

ಇನ್ನು ಇಂದಿನ ಜಾಗ. ನಮ್ಮ ಕಡೆ ಬಹಳ ಜನ ಬಯಸುವುದು ಸ್ವಂತ ಹೊಲವನ್ನೇ. ಇಲ್ಲಿ ಭಾವನೆಯಷ್ಟೇ ಮಣ್ಣನ್ನೂ ನೋಡಬೇಕು. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ತುಂಗಭದ್ರೆಯ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ನೀರು ಹರಿಯುವ ತಿಂಗಳುಗಳಲ್ಲಿ ನಾಲ್ಕಡಿ ತೋಡಿದರೆ ಗುಂಡಿಯೊಳಗೆ ಜಲ ಒಸರುತ್ತದೆ. ಆ ಹಿರಿಯರ ಶೀತದ ಜೋಕು ಸುಮ್ಮನೆ ಬಂದದ್ದಲ್ಲ. ತುಂಗಭದ್ರೆ, ಹಗರಿ ದಂಡೆಯ ಊರುಗಳಿಗೆ 2009ರ ನೆರೆಯ ನೆನಪು ಇನ್ನೂ ಹಸಿಯಾಗಿದೆ. ಹೊಳೆಯ ಪಕ್ಕದ ತಗ್ಗು ತುಂಡನ್ನು ಆರಿಸುವ ಮುನ್ನ ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿಕೊಳ್ಳಿ. ಕುರುಗೋಡಿನ ಗುಡ್ಡದ ಅಂಚಿನ ಹೊಲಗಳದ್ದು ಉಲ್ಟಾ ಕಥೆ. ಎರಡಡಿಗೇ ಬಂಡೆ ಎದುರಾಗುವುದುಂಟು. ಲಿಂಗಾಯತರ ಕ್ರಿಯಾಸಮಾಧಿಯಲ್ಲಿ ದೇಹವನ್ನು ಕೂರಿಸಿ ಇಡುವುದರಿಂದ ಗುಂಡಿ ಆಳವಿರಬೇಕು, ಜೆಸಿಬಿ ತಂದರೂ ಬಂಡೆ ಬಂಡೆಯೇ. ಬಳ್ಳಾರಿ ಸುತ್ತಿನ ಎರೆಹೊಲದಲ್ಲಿ ಅಗೆಯುವುದು ಸುಲಭ. ಆದರೆ ಮಳೆ ಬಿದ್ದ ಮರುದಿನ ಅಲ್ಲಿಗೆ ಗಾಡಿಯೂ ಹೋಗುವುದಿಲ್ಲ, ಹೊತ್ತವರ ಕಾಲೂ ಎದ್ದು ಬರುವುದಿಲ್ಲ. ರಸ್ತೆಗೆ ಹತ್ತಿರದ, ಎತ್ತರದ, ಮಣ್ಣು ಆಳವಿರುವ ಮೂಲೆಯನ್ನು ಈಗಲೇ ಗುರುತು ಮಾಡಿಟ್ಟುಕೊಂಡರೆ ಅವತ್ತು ರಾತ್ರಿ ಟಾರ್ಚ್ ಹಿಡಿದು ಹುಡುಕುವ ಕೆಲಸ ತಪ್ಪುತ್ತದೆ.

ಮಣ್ಣಿಗಿಂತ ಕಠಿಣವಾದದ್ದು ಪಾಲು. ಇಬ್ಬರು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಾಗ ತಾತ ಯಾರ ಪಾಲಿಗೆ ಬಂದರು? ತಮ್ಮನ ಪಾಲಿಗೆ ಬಂದು, ತಮ್ಮ ಆ ತುಂಡನ್ನು ಮಾರಿದರೆ, ಹಿರಿಯರ ಹಬ್ಬದ ದಿನ ಅಣ್ಣ ಕಾಯಿ ಒಡೆಯಲು ಯಾರ ಬೇಲಿ ದಾಟಬೇಕು? ಕುಡತಿನಿ, ಹರಗಿನಡೋಣಿ ಕಡೆ 2010ರ ಸುಮಾರಿಗೆ ಸಾವಿರಾರು ಎಕರೆ ಉಕ್ಕಿನ ಕಾರ್ಖಾನೆಗಳ ಹೆಸರಿನಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ವಶವಾಯಿತು. ರೈತರ ಧರಣಿ ವರ್ಷಗಟ್ಟಲೆ ನಡೆದಿದೆ. ಹೊಲ ತಲೆತಲಾಂತರಕ್ಕೂ ನಮ್ಮದೇ ಎಂದು ಲೆಕ್ಕ ಹಾಕುವ ಕಾಲ ಈ ಜಿಲ್ಲೆಯಲ್ಲಿ ಮುಗಿದಿದೆ. ಅದಕ್ಕೆ ನನ್ನ ಸಲಹೆ: ಹೊಲದಲ್ಲೇ ಆಗಬೇಕು ಎಂದಾದರೆ, ವಿಭಾಗಪತ್ರ ಬರೆಸುವಾಗ ಒಂದೆರಡು ಸೆಂಟ್ ಜಾಗವನ್ನು ಎಲ್ಲರ ಜಂಟಿ ಹಕ್ಕಿನಲ್ಲಿ ಬಿಟ್ಟು, ಅದಕ್ಕೆ ಹೋಗುವ ದಾರಿಯನ್ನೂ ಚೆಕ್‌ಬಂದಿಯಲ್ಲಿ ಬರೆಸಿ. ಪತ್ರ ಬರಹಗಾರರಿಗೆ ಇದು ನಾಲ್ಕು ಸಾಲಿನ ಕೆಲಸ. ಅಷ್ಟು ಮಾಡುವ ಮನಸ್ಸಿಲ್ಲ, ಮಕ್ಕಳು ಹೊಲ ಇಟ್ಟುಕೊಳ್ಳುವ ಭರವಸೆಯೂ ಇಲ್ಲ ಎಂದಾದರೆ ಊರಿನ ರುದ್ರಭೂಮಿಯೇ ಸುರಕ್ಷಿತ. ಅದನ್ನು ಯಾರೂ ಮಾರಲಾರರು.

ಪೇಟೆಯವರಿಗೆ ಸ್ವಂತ ಜಾಗದ ಆಯ್ಕೆಯೇ ಇಲ್ಲ. ಬಳ್ಳಾರಿ ಮಹಾನಗರ ಪಾಲಿಕೆ, ಸಿರುಗುಪ್ಪ ನಗರಸಭೆ, ಕುರುಗೋಡು ಪುರಸಭೆಯ ಮಿತಿಯೊಳಗೆ ಗೊತ್ತುಮಾಡಿದ ಸ್ಮಶಾನದ ಹೊರಗೆ, ನಿವೇಶನದಲ್ಲೋ ಹಿತ್ತಲಲ್ಲೋ, ಅನುಮತಿಯಿಲ್ಲದೆ ಹೂಳುವಂತಿಲ್ಲ. ಸಮುದಾಯದ ಸ್ಮಶಾನವಾದರೆ ಸಂಘದವರನ್ನು, ಕಬರಸ್ತಾನವಾದರೆ ಮಸೀದಿ ಕಮಿಟಿಯನ್ನು, ಕ್ರೈಸ್ತರಾದರೆ ಚರ್ಚಿನ ಫಾದರನ್ನು ಮೊದಲೇ ಮಾತಾಡಿಸಿ. ಊರು ಬಿಟ್ಟು ಬಳ್ಳಾರಿ ಸೇರಿ ಮೂವತ್ತು ವರ್ಷವಾದವರ ಹೆಸರು ಎಷ್ಟೋ ಸಲ ಹುಟ್ಟೂರಿನ ಕಮಿಟಿಯ ಪುಸ್ತಕದಲ್ಲೂ ಇರುವುದಿಲ್ಲ, ಇಲ್ಲಿನದರಲ್ಲೂ ಇರುವುದಿಲ್ಲ. ಹಳ್ಳಿಗೆ ಸ್ಮಶಾನದ ಜಾಗವೇ ಇಲ್ಲದಿದ್ದರೆ ತಹಶೀಲ್ದಾರರಿಗೆ ಊರಿನವರೆಲ್ಲ ಸೇರಿ ಅರ್ಜಿ ಕೊಡಬಹುದು; ಊರೂರಿಗೂ ಜಾಗ ಒದಗಿಸುವಂತೆ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ.

ಯಾವ ಊರು ಎಂಬುದು ದಂಪತಿಗಳ ನಡುವೆಯೂ ಜಗಳದ ವಸ್ತು. ಗಂಡನಿಗೆ ಹಳ್ಳಿ, ಹೆಂಡತಿಗೆ ಬಳ್ಳಾರಿ. “ಬದುಕಿದ್ದಾಗ ನಲವತ್ತು ವರ್ಷ ಇವರ ಗೊರಕೆ ಕೇಳೀನಿ, ಆಮೇಲಾದ್ರೂ ಬೇರೆ ಊರಾಗೆ ಇಡ್ರಿ” ಎನ್ನುವ ಹೆಣ್ಣುಮಕ್ಕಳಿದ್ದಾರೆ. ನಗಬೇಡಿ, ಅಥವಾ ನಕ್ಕ ಮೇಲೆ ಬರೆದುಕೊಳ್ಳಿ. ಕುರುಗೋಡು ಬಳ್ಳಾರಿಯಿಂದ ಮೂವತ್ತು ಕಿಲೊಮೀಟರಿನ ಒಳಗೆ, ಸಿರುಗುಪ್ಪ ಐವತ್ತು ದಾಟುತ್ತದೆ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು ನಲವತ್ತು ಡಿಗ್ರಿ ಮೀರುತ್ತದೆ. ಆದ್ದರಿಂದ ಊರು ಯಾವುದು ಎಂಬುದರ ಜೊತೆಗೇ ಎಷ್ಟು ಹೊತ್ತು ಕಾಯಬೇಕು, ಯಾರಿಗಾಗಿ ಕಾಯಬೇಕು ಎಂಬುದೂ ತೀರ್ಮಾನವಾಗಬೇಕು. ಬೆಂಗಳೂರಿನ ಮಗ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆಗೆ ಬಂದಾನು. ಅಮೆರಿಕದ ಮಗಳಿಗೆ ಫ್ರೀಜರ್ ಬಾಕ್ಸ್ ಇಟ್ಟುಕೊಂಡು ಎರಡು ದಿನ ಕಾಯುವುದೇ? ಇದನ್ನು ಉಳಿದ ಮಕ್ಕಳು ತೀರ್ಮಾನಿಸಿದರೆ ಆ ಮಗಳು ಆಯುಷ್ಯವಿಡೀ ಮನಸ್ಸಿನಲ್ಲಿಟ್ಟುಕೊಳ್ಳುತ್ತಾಳೆ. “ನಂಗೋಸ್ಕರ ಕಾಯಬ್ಯಾಡ್ರಿ, ಆಕಿಗೆ ಫೋನಿನಾಗೆ ತೋರಿಸ್ರಿ ಸಾಕು” ಎಂದು ಅಪ್ಪನೇ ಹೇಳಿಬಿಟ್ಟಿದ್ದರೆ ಯಾರ ಮೇಲೂ ಹೊರೆಯಿಲ್ಲ.

ದೇಹ ಕೊಟ್ಟವರು

ಯಾವ ಜಾಗವೂ ಬೇಡ, ಓದುವ ಹುಡುಗರಿಗೆ ಉಪಯೋಗವಾಗಲಿ ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಅವರು ತಮ್ಮ ದೇಹವನ್ನು ಮಗನೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕೆಂದು ಬಯಸಿದ್ದರು. ಬೆಳಗಾವಿಯಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿದ್ದ ಮಗ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಅದನ್ನು ನಡೆಸಿಕೊಟ್ಟರು. ಎಲ್ಲ ಮಕ್ಕಳಿಂದಲೂ ಆಗುವ ಕೆಲಸವಲ್ಲ. ತಂದೆ ಮೊದಲೇ ಬಾಯಿಬಿಟ್ಟು ಹೇಳಿರದಿದ್ದರೆ ಅವರಿಂದಲೂ ಆಗುತ್ತಿರಲಿಲ್ಲ.

ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಜನರ ಬಾಯಲ್ಲಿ ವಿಮ್ಸ್. ಅಂಗರಚನಾ ವಿಭಾಗದಲ್ಲಿ ದೇಹದಾನದ ಫಾರಂ ಕೇಳಿ ಪಡೆದು, ಮನೆಯವರ ಸಹಿಯನ್ನೂ ಹಾಕಿಸಿಡಿ. ಬದುಕಿದ್ದಾಗ ನೀವು ಎಷ್ಟು ಸಹಿ ಹಾಕಿದ್ದರೂ, ದೇಹ ಕಾಲೇಜಿಗೆ ಮುಟ್ಟುವುದು ಮನೆಯವರು ಫೋನ್ ಮಾಡಿ ತಲುಪಿಸಿದರೆ ಮಾತ್ರ. ಅದಕ್ಕೇ ಫಾರಂಗಿಂತ ಮೊದಲು ಹಿರಿಮಗನನ್ನು ಒಪ್ಪಿಸಿ. ಪೋಸ್ಟ್‌ಮಾರ್ಟಂ ಆದ ದೇಹವನ್ನು, ಕೆಲವು ಸೋಂಕುಗಳಿದ್ದವರ ದೇಹವನ್ನು ಕಾಲೇಜುಗಳು ತೆಗೆದುಕೊಳ್ಳುವುದಿಲ್ಲ. ಹಾಗಾಗಿ “ಅದಾಗದಿದ್ದರೆ ಏನು” ಎಂಬ ಎರಡನೇ ಮಾತೂ ಇರಲಿ.

ಕಣ್ಣಿನ ದಾನ ಇದಕ್ಕಿಂತ ಬಹಳ ಸುಲಭ, ಹೂಳುವವರಿಗೂ ಸುಡುವವರಿಗೂ ಅಡ್ಡಿಯಿಲ್ಲ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ಕೊಟ್ಟು ಮಣ್ಣು ಸೇರಿದವರು. ಕನ್ನಡಕ ಹಾಕುವವರು, ಪೊರೆ ತೆಗೆಸಿಕೊಂಡವರು, ಬಿ.ಪಿ., ಶುಗರ್ ಇರುವವರು ಯಾರಾದರೂ ಕೊಡಬಹುದು. ಪ್ರಾಣ ಹೋದ ಆರು ತಾಸಿನೊಳಗೆ ಆಗಬೇಕು. ತಂಡ ಬರುವವರೆಗೆ ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಅದರ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರಿಸಿಡಬೇಕು. ಬೇಸಿಗೆಯಲ್ಲಿ ಫ್ಯಾನ್ ಆಫ್ ಮಾಡಿದರೆ ಬಂದ ಬಂಧುಗಳು ಬೈಯುತ್ತಾರೆ. ಯಾಕೆಂದು ಹೇಳಲು ಒಬ್ಬರು ನಿಂತಿರಲಿ.

ಬರೆದಿಡುವುದು ಹೇಗೆ

ಬರೆದಿಡುವುದಕ್ಕೆ ನಮ್ಮ ಕಡೆ ಮಾದರಿಯ ಕೊರತೆಯಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ಪತ್ರವೊಂದನ್ನು ಬರೆದಿಟ್ಟಿದ್ದರು. ಹೂಳುವುದು ಬೇಡ, ಅಗ್ನಿಗೆ ಕೊಡಿ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಿ, ಶ್ರಾದ್ಧ ಬೇಡ, ಸ್ಮಾರಕ ಬೇಡ ಎಂಬುದು ಅದರ ತಿರುಳು. ಮಠಾಧೀಶರೆಂದರೆ ಗದ್ದುಗೆ ಕಟ್ಟುವುದೇ ರೂಢಿಯಾಗಿರುವ ನಾಡಿನಲ್ಲಿ, ಲಕ್ಷಗಟ್ಟಲೆ ಭಕ್ತರ ಆಸೆಗೆ ಎದುರಾಗಿ, 2023ರ ಜನವರಿ 3ರಂದು ಅವರ ಮಾತೇ ನಡೆಯಿತು. ಭಸ್ಮ ಕೂಡಲಸಂಗಮಕ್ಕೂ ಗೋಕರ್ಣದ ಕಡಲಿಗೂ ಹೋಯಿತು. ಪತ್ರ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ. ಅದರ ಪಕ್ಕದಲ್ಲೇ ನಟ ವಿಷ್ಣುವರ್ಧನ್ ಅವರ ಉದಾಹರಣೆ ಇದೆ. 2009ರ ಕೊನೆಯಲ್ಲಿ ಬೆಂಗಳೂರಿನ ಅಭಿಮಾನ್ ಸ್ಟುಡಿಯೊದಲ್ಲಿ ಅಂತ್ಯಕ್ರಿಯೆಯಾಯಿತು. ಜಾಗದ ತಕರಾರು ಮುಗಿಯದೆ ಸ್ಮಾರಕ ಮೈಸೂರಿನಲ್ಲಿ 2023ರಲ್ಲಿ ಉದ್ಘಾಟನೆಗೊಂಡಿತು. ಸ್ಟುಡಿಯೊದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ಕೆಡವಿದಾಗ ಅಭಿಮಾನಿಗಳು ಬೀದಿಗಿಳಿದರು. ಅಷ್ಟು ದೊಡ್ಡವರ ಪಾಡೇ ಹೀಗಾದರೆ ನಮ್ಮ ಹೊಲದ ಮೂಲೆಯ ಗತಿ ಏನು?

ಜಪಾನಿನಲ್ಲಿ ಇದಕ್ಕೆಂದೇ ಅಚ್ಚು ಹಾಕಿದ ನೋಟ್‌ಬುಕ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ವಯಸ್ಸಾದವರು ಒಂದೊಂದೇ ಪುಟ ತುಂಬುತ್ತಾರೆ. ನಮಗೆ ಒಂದು ಹಾಳೆ ಸಾಕು. ಆದರೆ ಅದನ್ನು ಉಯಿಲಿನೊಳಗೆ ಸೇರಿಸಬೇಡಿ. ಉಯಿಲು ತೆಗೆದು ಓದುವುದು ತಿಥಿ, ಶಿವಗಣಾರಾಧನೆ ಎಲ್ಲ ಮುಗಿದ ಮೇಲೆ. “ನನ್ನನ್ನು ಸುಡಬೇಡಿ” ಎಂದು ಅದರಲ್ಲಿ ಬರೆದಿದ್ದರೆ ಹದಿಮೂರು ದಿನ ತಡವಾಗಿ ಗೊತ್ತಾಗುತ್ತದೆ. ಉಯಿಲು ಬೇರೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಬಿಳಿ ಹಾಳೆಯಲ್ಲೂ ಬರೆಯಬಹುದು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಜಗಳ ಕಡಿಮೆ. ಆಸ್ತಿ ಪಡೆಯುವವರೇ ಸಾಕ್ಷಿ ಹಾಕದಂತೆ ನೋಡಿಕೊಳ್ಳಿ. ಇನ್ನು ಈ ಒಂದು ಹಾಳೆಗೆ ಕಾನೂನಿನ ಬಲ ಹೆಚ್ಚಿಲ್ಲ, ಮನೆಯವರ ಮಾತಿನ ಬಲವೇ ಬಲ. ಆದ್ದರಿಂದ ಬರೆದು, ಎಲ್ಲರೂ ಕೂತಿದ್ದಾಗ ಓದಿ. ನಗುತ್ತ ಓದಿದರೂ ಪರವಾಗಿಲ್ಲ.

ಓದು-ಬರಹ ಬಾರದ ಹಿರಿಯರಾದರೆ ಮೊಮ್ಮಕ್ಕಳ ಫೋನಿನಲ್ಲಿ ಮಾತನ್ನೇ ರೆಕಾರ್ಡ್ ಮಾಡಿಕೊಳ್ಳಿ. ತೆಲುಗಿನಲ್ಲೋ ಉರ್ದುವಿನಲ್ಲೋ, ಅವರಿಗೆ ಸಲೀಸಾದ ಮಾತಿನಲ್ಲಿ. ಊರು, ಜಾಗ, ಹೂಳುವುದೋ ಸುಡುವುದೋ, ಕಾಯಬೇಕೋ ಬೇಡವೋ, ಯಾವ ಸ್ವಾಮಿಗಳನ್ನು ಕರೆಸಬೇಕು, ಊಟಕ್ಕೆ ಎಷ್ಟು ಖರ್ಚು, ಸಾಲ ಮಾಡಿ ತಿಥಿ ಮಾಡಬಾರದು ಎಂಬ ಅಪ್ಪಣೆ, ಇಷ್ಟು ಬಂದರೆ ಮುಖ್ಯವಾದದ್ದೆಲ್ಲ ಬಂದಂತೆ. ಕೊನೆಯ ಅಪ್ಪಣೆಗೆ ಒತ್ತು ಕೊಡಿ. ತಿಥಿಯ ಊಟಕ್ಕೆ ಬಡ್ಡಿ ಸಾಲ ಮಾಡಿ ಎರಡು ಬೆಳೆ ಕಳೆದುಕೊಂಡ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. “ಹೋಳಿಗೆ ಬ್ಯಾಡ, ಅನ್ನ ಸಾರು ಸಾಕು, ನಾನೇನ್ ಬಂದು ರುಚಿ ನೋಡಲ್ಲ” ಎಂದು ಹಿರಿಯರೇ ಹೇಳಿದ್ದರೆ ನೆಂಟರ ಬಾಯಿ ಮುಚ್ಚಿಸಬಹುದು.

ಗಂಡಸರು ಬರೆಯುವ ಹಾಳೆಯಲ್ಲಿ ಇನ್ನೊಂದು ಸಾಲು ಇರಲಿ ಎಂಬುದು ನನ್ನ ಆಗ್ರಹ: ಉಳಿದ ಹೆಂಡತಿಯ ಬಳೆ ಒಡೆಯಬಾರದು, ಕುಂಕುಮ ಒರೆಸಬಾರದು, ಕಾಲುಂಗುರ ತೆಗೆಸಬಾರದು. ಅಂಗಳದಲ್ಲಿ ನೆರೆದ ಹತ್ತು ಜನ ಹಿರಿಯ ಹೆಂಗಸರ ಎದುರು ಮಗಳೊಬ್ಬಳು ಬೇಡವೆಂದರೆ ನಡೆಯುವುದಿಲ್ಲ. ಹೋದವರ ಮಾತು ಎಂದರೆ ನಡೆಯುತ್ತದೆ. ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿ 2022ರ ಮೇ ತಿಂಗಳಿನಲ್ಲಿ ಇಂಥ ಪದ್ಧತಿಗಳನ್ನು ನಿಲ್ಲಿಸುವ ಠರಾವು ಮಾಡಿತು, ಆಮೇಲೆ ಮಹಾರಾಷ್ಟ್ರ ಸರ್ಕಾರವೇ ಉಳಿದ ಪಂಚಾಯಿತಿಗಳಿಗೂ ಅದನ್ನು ಅನುಸರಿಸಲು ಹೇಳಿತು. ನಮ್ಮ ಪಂಚಾಯಿತಿ ಠರಾವು ಮಾಡುವವರೆಗೆ ಕಾಯಬೇಕಿಲ್ಲ, ಒಂದು ಮನೆಯ ಯಜಮಾನ ಮನಸ್ಸು ಮಾಡಿದರೆ ಸಾಕು.

ಆಸ್ಪತ್ರೆಯ ವಿಷಯ ಬೇರೆ ಕಾಗದ. ವಾಸಿಯಾಗುವ ಆಸೆಯಿಲ್ಲದಾಗ ವೆಂಟಿಲೇಟರ್‌ನಂಥವು ಬೇಡ ಎಂದು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಇದರ ಜಾರಿಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ತನ್ನ ಪರವಾಗಿ ಯಾರು ಮಾತಾಡಬೇಕು ಎಂಬ ಹೆಸರನ್ನೂ ಅದರಲ್ಲಿ ಬರೆಯಬೇಕು. ಗಟ್ಟಿ ಮನಸ್ಸಿನವರನ್ನು ಆರಿಸಿ. ಅತಿ ಪ್ರೀತಿಯವರು ಆ ಹೊತ್ತಿಗೆ ಕೈಚೆಲ್ಲುತ್ತಾರೆ.

ಕಾಗದಗಳ ಬಗ್ಗೆ ಕೊಂಚ

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಅವರೇ ಮಾಹಿತಿ ಕಳಿಸುತ್ತಾರೆ, ಮನೆಯಲ್ಲಾದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಗೋ ಗ್ರಾಮ ಆಡಳಿತ ಅಧಿಕಾರಿಗೋ, ಪೇಟೆಯಲ್ಲಿ ಪಾಲಿಕೆಗೋ ಪುರಸಭೆಗೋ ನಾವೇ ತಿಳಿಸಬೇಕು. ತಡವಾದರೆ ದಂಡ, ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ, ಓಡಾಟ. ಆಧಾರ್, ರೇಷನ್ ಕಾರ್ಡ್, ಪಹಣಿ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ಹಿರಿಯರಿದ್ದಾಗಲೇ ನೋಡಿ. ಒಂದರಲ್ಲಿ ಈರಣ್ಣ, ಇನ್ನೊಂದರಲ್ಲಿ ವೀರಣ್ಣ, ಮತ್ತೊಂದರಲ್ಲಿ ಎರ್ರಿಸ್ವಾಮಿ ಇದ್ದರೆ ಪೌತಿ ಖಾತೆಗೆ ಹೋದಾಗ ತಾಲ್ಲೂಕು ಕಚೇರಿಯಲ್ಲಿ ಮೂವರು ಸತ್ತಂತಾಗುತ್ತದೆ. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಟ್ಟಿಗೇ ಹೆಚ್ಚಾಗಿ ತೆಗೆಸಿಕೊಳ್ಳಿ: ಬ್ಯಾಂಕು, ಎಲ್‌ಐಸಿ, ಪಿಂಚಣಿ, ಖಾತೆ, ಎಲ್ಲರೂ ಕೇಳುತ್ತಾರೆ. ಅಮ್ಮ ಹೋದರೆ ರೇಷನ್ ಕಾರ್ಡಿನ ಯಜಮಾನಿಯ ಹೆಸರು ಬದಲಾಗಬೇಕು, ಗೃಹಲಕ್ಷ್ಮಿಯ 2,000 ರೂಪಾಯಿ ಮನೆಗೆ ಬರುವುದು ಆ ಹೆಸರಿನ ಮೇಲೆ.

ಫೋಟೊ ಒಂದು ಈಗಲೇ ಆರಿಸಿಡಿ, ಹಿರಿಯರನ್ನೇ ಕೂರಿಸಿಕೊಂಡು. ಅವಸರದಲ್ಲಿ ಆಧಾರ್ ಕಾರ್ಡಿನ ಮುಖವನ್ನೇ ಫ್ಲೆಕ್ಸಿಗೆ ಹಿಗ್ಗಿಸಿದ್ದನ್ನು ಎಷ್ಟು ಸರ್ಕಲ್‌ಗಳಲ್ಲಿ ನೋಡಿಲ್ಲ? ಮದುವೆ ಆಲ್ಬಮ್ಮಿನಿಂದ ತೆಗೆಯುತ್ತೀರಾದರೆ ಪಕ್ಕದಲ್ಲಿ ನಿಂತ ಬೀಗರ ಭುಜ ಕತ್ತರಿಸಲು ಸ್ಟುಡಿಯೊದವರಿಗೆ ಸಮಯ ಬೇಕು.

ಹಾಳೆಯನ್ನು ಬೀರುವಿನ ಲಾಕರಿನಲ್ಲಿಡಬೇಡಿ, ಅದರ ಕೀಲಿ ಹಿರಿಯರ ಸೊಂಟದಲ್ಲೇ ಇರುತ್ತದೆ. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿಡಿ, ಒಂದು ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಹಿರಿಯರು ಹೋದ ಮೇಲೆ ಅವರ ಮೊಬೈಲ್ ಸಿಮ್ಮನ್ನು ಮಾತ್ರ ಅವಸರಪಟ್ಟು ಬಂದ್ ಮಾಡಿಸಬೇಡಿ. ಹಾಲಿನವನು, ಗ್ಯಾಸಿನವನು, ಗೊಬ್ಬರದ ಅಂಗಡಿಯವನು ಕರೆ ಮಾಡುವುದು ಅದೇ ನಂಬರಿಗೆ. ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ಲುಗಳ ಒಟಿಪಿ ಬರುವುದೂ ಅದಕ್ಕೇ. ಕೆಲವು ತಿಂಗಳು ರೀಚಾರ್ಜ್ ಮಾಡಿಸುತ್ತಿರಿ.